ಬಾಳವ್ವನ ಪದ್ಯಕ್ಕೆ ಏನೂ ಬರುವುದಿಲ್ಲ

ವರ್ಷಕ್ಕೊಮ್ಮೆ ಬರುವ ಗಿಂಡಿಯ ಹಬ್ಬದ ದಿನ ನಮ್ಮ ಊರಲ್ಲಿ ಯಾರೂ ಬೆಳಿಗ್ಗೆ ಎದ್ದು ಹಪ್ಪಳ ಒಣಹಾಕುವುದಿಲ್ಲ. ಒಂಟೆಯವನ ಪದ್ಯ ಬರಲಿ ಎಂದು ಕಾಯುತ್ತಾರೆ. ಅದು ಬರುವುದು ಮಧ್ಯಾಹ್ನದ ಊಟದ ಹೊತ್ತಿಗೆ. ಮರಳುಗಾಡಿನ ಬಾವಿಗಳು ಮುಚ್ಚಿಹೋಗದಂತೆ ವರ್ಷಗಟ್ಟಲೆ ಒಂಟೆಯೊಂದರ ಜೊತೆ ಒಬ್ಬನೇ ಮರಳು ಎತ್ತಿಹಾಕಿದ ಆ ಮನುಷ್ಯನ ಪದ್ಯವನ್ನು ಹಾಡುಗಾರ ಅಡಿವೆಪ್ಪ ಕಾಕಾ ಎತ್ತಿಕೊಂಡರೆಂದರೆ ಸಾಕು, ಚಾವಡಿಯ ಅಂಗಳದಿಂದ ಹಿಡಿದು ಕುಂಬಾರ ಓಣಿಯ ಕಡೆಯ ಮನೆಯವರೆಗೆ ಒಣ ಬಿಸಿಗಾಳಿ ಹಬ್ಬುತ್ತದೆ. ಹೆಂಗಸರು ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಹರವುತ್ತಾರೆ. ಕಾಕಾ ಎರಡನೆಯ ಸಲ ರಾಗ ಎಳೆದು ಪದ್ಯ ಮುಗಿಸುವುದರೊಳಗೆ ಎಲ್ಲವೂ ಗರಿಗರಿ. ಅದರ ಬೆನ್ನಿಗೇ ಅಗಸಗಿತ್ತಿಯ ಪದ್ಯ, ಅದಕ್ಕೆ ಸಾಬೂನಿನ ವಾಸನೆಯ ಜಿಟಿಜಿಟಿ ಮಳೆ. ಅಷ್ಟರಲ್ಲಿ ಎತ್ತಿಡದವಳ ಹಪ್ಪಳ ಹಿಟ್ಟಾಗುತ್ತದೆ. ಅಂಥವಳನ್ನು ಓಣಿಯವರು ಮುಂದಿನ ಗಿಂಡಿಯವರೆಗೂ ಆಡಿಕೊಳ್ಳುತ್ತಾರೆ.

ನಾನು ತಂಗೆವ್ವ. ಚಾವಡಿಯಲ್ಲಿ ಹೂಂ ಅನ್ನುವವಳು. ಹೇಳುವವರಿದ್ದ ಮೇಲೆ ಹೂಂ ಅನ್ನುವವರೂ ಇರಬೇಕಲ್ಲ. ಇಲ್ಲದಿದ್ದರೆ ಕಥೆ ಗೋಡೆಗೆ ಬಡಿದು ಹೇಳಿದವನಿಗೇ ವಾಪಸು ಬರುತ್ತದೆ. ಅಡಿವೆಪ್ಪ ಕಾಕಾ ಒಂದು ಮಣೆಯ ಮೇಲೆ, ಅವರ ಎದುರಿಗೆ ಇನ್ನೊಂದು ಮಣೆಯ ಮೇಲೆ ನಾನು. ಒಂದೊಂದು ಪದ್ಯ ಮುಗಿದಾಗ ಒಂದು ಹೂಂ. ತಲೆಯಾಡಿಸಿದರೆ ನಡೆಯದು, ಗಂಟಲಿನಿಂದ ಬಂದರೂ ಸಾಲದು. ಪದ್ಯ ಕಿವಿಯಿಂದ ಇಳಿದು ಹೊಟ್ಟೆಯಲ್ಲಿ ಕೂತ ಮೇಲೆ ಅಲ್ಲಿಂದ ಏಳಬೇಕು. ಅಕ್ಷರ ಕಲಿಯುವ ಮೊದಲೇ ನಾನು ಪದ್ಯ ಕೇಳಿ ಬೆಳೆದವಳು. ದೇವರ ಮುಂದೆ ಕೂತಾಗಲೂ ನನಗೆ ಏನನ್ನಾದರೂ ಬೇಡಿಕೊಳ್ಳಲು ಬರುವುದಿಲ್ಲ. ಅವನು ಏನಾದರೂ ಹೇಳಿಯಾನು ಎಂದು ಸುಮ್ಮನೆ ಕೂತಿರುತ್ತೇನೆ.

ಇದೆಲ್ಲ ಶುರುವಾದದ್ದು ನಮ್ಮ ಆಯಿಯಿಂದ. ಆಯಿ ಎಂದರೆ ನನ್ನ ತಾಯಿಯ ತಾಯಿ, ಬಾಳವ್ವ. ಅವಳ ಹರೆಯದಲ್ಲಿ ಯಾವುದೋ ದೂರದೇಶದ ದಾರಿಹೋಕನೊಬ್ಬ ಜ್ವರ ಹಿಡಿದು ಈ ಚಾವಡಿಯಲ್ಲಿ ಬಿದ್ದುಕೊಂಡನಂತೆ. ಅವನ ಭಾಷೆ ಊರಲ್ಲಿ ಒಬ್ಬರಿಗೂ ತಿಳಿಯದು. ವೈದ್ಯರು ಕಷಾಯ ಕೊಟ್ಟು ಕೈತೊಳೆದುಕೊಂಡರು. ಅವನು ಮಾತ್ರ ಮಾತು ನಿಲ್ಲಿಸಲಿಲ್ಲ. ಕಣ್ಣುಮುಚ್ಚಿ ಏನನ್ನೋ ಹೇಳುತ್ತಲೇ ಇದ್ದ. ಆಯಿ ಅವನ ತಲೆಯ ಬಳಿ ಕೂತು, ಗಿಂಡಿಯಿಂದ ಬಾಯಿಗೆ ನೀರು ಬಿಡುತ್ತ, ಒಂದು ಮಾತೂ ತಿಳಿಯದಿದ್ದರೂ, ಅವನು ಉಸಿರಿಗಾಗಿ ನಿಂತಾಗಲೆಲ್ಲ ಹೂಂ ಅಂದಳು. ಕೇಳುವವಳು ಎದುರಿಗೆ ಇದ್ದಾಳಲ್ಲ ಎಂದು ಅವನೂ ಕಥೆಯನ್ನು ಅರ್ಧಕ್ಕೆ ಬಿಟ್ಟು ಸಾಯಲಿಲ್ಲ. ಕಥೆ ಮುಗಿಯುವಷ್ಟರಲ್ಲಿ ಜ್ವರ ಇಳಿದಿತ್ತು. ಆಯಿ ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಾದರೂ ಇದೆ ಎಂದು ಅವಳಿಗೆ ಅನ್ನಿಸಿರಲೂ ಇಲ್ಲ.

ಆ ಮನುಷ್ಯ ತನ್ನ ದೇಶದಲ್ಲಿ ಬಹಳ ದೊಡ್ಡವನಂತೆ. ಹಡಗು, ಗಣಿ, ಗಾಜಿನ ಕಾರ್ಖಾನೆ ಎಲ್ಲ ಇದ್ದವನು. ಅಲ್ಲಿಂದ ಒಂದು ಬೆಳ್ಳಿಯ ಗಿಂಡಿ ಕಳಿಸಿದ. ಜೊತೆಗೆ ಒಂದು ಏರ್ಪಾಡನ್ನೂ ಮಾಡಿಟ್ಟ. ಒಳ್ಳೆಯದನ್ನು ಮಾಡಿ ಬಾಯಿಬಿಡದೆ ಇದ್ದವರನ್ನು ಜಗತ್ತಿನಲ್ಲಿ ಎಲ್ಲಿದ್ದರೂ ಹುಡುಕಿ, ವರ್ಷಕ್ಕೊಬ್ಬರನ್ನು ಇದೇ ಊರಿಗೆ ಕರೆತಂದು, ಇದೇ ಚಾವಡಿಯಲ್ಲಿ ಅಂಥದೇ ಗಿಂಡಿ ಕೊಡಬೇಕು. ಅವರ ಮೇಲೊಂದು ಪದ್ಯ ಕಟ್ಟಬೇಕು. ಪ್ರತಿ ವರ್ಷ ಅದೇ ದಿನ ಹೊಸಬರಿಂದ ಹಿಡಿದು ಹಿಂದುಹಿಂದಕ್ಕೆ ಬಾಳವ್ವನವರೆಗೆ ಎಲ್ಲರ ಪದ್ಯವನ್ನೂ ಹಾಡಿ ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು. ಪದ್ಯದ ಜೊತೆ ಆಯಾ ದೇಶದ ಹವೆ ಬರುತ್ತದೆಂದು ಅವನೂ ಎಣಿಸಿರಲಿಕ್ಕಿಲ್ಲ. ಬಂತು. ನಮ್ಮವರು ಕೊಡೆಗಳನ್ನೂ ಕಂಬಳಿಗಳನ್ನೂ ತಂದುಕೊಂಡರು.

ಈಗ ಆ ಗಿಂಡಿಗಾಗಿ ದೇಶದೇಶಗಳೇ ಬಾಯಿಬಿಡುತ್ತವೆ. ಆದರೆ ಬಾಯಿಬಿಟ್ಟವರಿಗೆ ಅದು ಸಿಗುವುದಿಲ್ಲ. ಒಬ್ಬ ರಾಜ ವೇಷ ಮರೆಸಿಕೊಂಡು ಹೋಗಿ ಬಡವರ ಮನೆಯ ಸೋರುವ ಮಾಳಿಗೆಗಳನ್ನು ಸರಿಮಾಡಿ ಬಂದನಂತೆ. ಹೋಗುವಾಗ ಒಬ್ಬ ಚಿತ್ರಕಾರನನ್ನೂ ಕರೆದುಕೊಂಡು ಹೋಗಿದ್ದ, ಅಲ್ಲಿಗೆ ಕೆಟ್ಟಿತು. ಗಿಂಡಿ ಪಡೆದವರೆಲ್ಲ ಬೇರೆಯೇ ತರಹದವರು. ನಾನು ಹೇಳಿದ ಅಗಸಗಿತ್ತಿ ಮಂಜು ಮುಸುಕಿದ ಒಂದು ನಗರದವಳು. ಕಾದಾಡುತ್ತಿದ್ದ ಎರಡೂ ಸೈನ್ಯದ ಅಂಗಿಗಳನ್ನು ಒಗೆದು, ಕಿಸೆಯಲ್ಲಿ ಒಂದೊಂದು ಹಿಡಿ ಒಣದ್ರಾಕ್ಷಿ ಇಟ್ಟು ಕಳಿಸುತ್ತಿದ್ದಳು. ಎರಡೂ ಕಡೆಯವರು ತಂತಮ್ಮ ತಾಯಂದಿರು ಇಟ್ಟದ್ದೆಂದು ತಿಳಿದು ತಿಂದರು. ಕಾಡಿನ ದೇಶದ ಒಬ್ಬ ಮೇಷ್ಟ್ರು ಇದ್ದಾರೆ. ಅವರ ಪದ್ಯಕ್ಕೆ ಹಸಿ ಎಲೆಯ ವಾಸನೆ ಬಂದು, ಚಾವಡಿಯ ಕಂಬಗಳು ಬೆವರುತ್ತವೆ.

ಎಲ್ಲರ ಪದ್ಯಕ್ಕೂ ಏನಾದರೊಂದು ಬರುತ್ತಿತ್ತು. ಆಯಿಯ ಪದ್ಯಕ್ಕೆ ಮಾತ್ರ ಏನೂ ಬರುತ್ತಿರಲಿಲ್ಲ. ಅದೇ ನಮ್ಮ ಸಂಜೆಬಿಸಿಲು, ಅದೇ ಕೆಂಪು ಧೂಳು, ಅದೇ ಬೇವಿನ ಹೂವಿನ ಕಹಿಗಂಪು. ಕಡೆಯ ಪದ್ಯ ಬೇರೆ. ಜನ ಚಾಪೆ ಸುತ್ತಲು ಶುರುಮಾಡಿರುತ್ತಿದ್ದರು. "ಬಾಳವ್ವಂದು ಬಂತು, ಇನ್ನೇನ ಬರೂದಿಲ್ಲ, ಏಳ್ರಿ" ಎಂದು ಚಪ್ಪಲಿ ಹುಡುಕುತ್ತಿದ್ದರು. ಆಯಿ ಬದುಕಿದ್ದಷ್ಟು ದಿನವೂ ಹೂಂ ಅನ್ನುವವಳು ಅವಳೇ. ಆದರೆ ತನ್ನ ಪದ್ಯ ಬಂತೆಂದರೆ ಮಣೆಯಿಂದ ಎದ್ದು, "ಅಕ್ಕಿ ಆರಿಸೂದೈತಿ" ಎಂದು ಚಾವಡಿಯ ಹಿಂದಿನ ಅಡುಗೆಮನೆಗೆ ಹೊರಟುಬಿಡುತ್ತಿದ್ದಳು. ಹೋಗುವಾಗ ನನ್ನನ್ನು ಎತ್ತಿ ಮಣೆಯ ಮೇಲೆ ಕೂರಿಸುತ್ತಿದ್ದಳು. ನನಗಾಗ ಸರಿಯಾಗಿ ಹಲ್ಲೂ ಬಂದಿರಲಿಲ್ಲ. ನಾನು ಕಲಿತ ಮೊದಲ ಹೂಂ ಅವಳ ಪದ್ಯಕ್ಕೆ ಅಂದದ್ದು.

ಹಗಲು ಎಷ್ಟೆಂದರೂ ಒಂದು ಹಗಲು. ವರ್ಷ ಕಳೆದಂತೆ ಪದ್ಯಗಳು ಹೆಚ್ಚಿ ಅದು ತುಂಬಿಹೋಯಿತು. ಅಂದಿನಿಂದ ಹೊಸ ಪದ್ಯ ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಅದನ್ನು ಬಿಡುವುದು ಹೂಂ ಅನ್ನುವವಳ ಪಾಲಿಗೆ ಬಂದಿದೆ. ಒಂದು ಪದ್ಯ ಮುಗಿದಾಗ ನಾನು ಸುಮ್ಮನಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಮರುದಿನ ಕಾಕಾನ ನಾಲಗೆಯ ಮೇಲೂ ಅದು ಇರುವುದಿಲ್ಲ, ನಮ್ಮ ಯಾರ ಕಿವಿಯಲ್ಲೂ ಇರುವುದಿಲ್ಲ. ಹೆಸರು ನೆನಪಿರುತ್ತದೆ, ಮಾಡಿದ ಕೆಲಸ ನೆನಪಿರುತ್ತದೆ. ಪದ್ಯ ಹೋಗುತ್ತದೆ, ಅದರ ಹವೆ ಮತ್ತೆ ಈ ಊರಿಗೆ ಕಾಲಿಡುವುದಿಲ್ಲ. ಒಂದನ್ನೂ ಬಿಡದೆ ಎಲ್ಲಕ್ಕೂ ಹೂಂ ಅಂದರೆ ಹೊಸ ಪದ್ಯ ಉಳಿಯುವುದಿಲ್ಲ. ಬಿಟ್ಟ ಪದ್ಯಗಳಿಗಾಗಿ ನಾನು ಪ್ರತಿ ವರ್ಷ ಒಂದು ಹೊತ್ತು ಉಪವಾಸವಿರುತ್ತೇನೆ.

ಈಗ ಹೇಳುವ ವರ್ಷದಲ್ಲಿ ಬಿಡಬೇಕಾದದ್ದು ಮಾನಪ್ಪಜ್ಜನ ಪದ್ಯ ಎಂದು ಗಿಂಡಿಯ ಏರ್ಪಾಡು ನೋಡಿಕೊಳ್ಳುವ ಸಮಿತಿಯವರು ಮೊದಲೇ ತೀರ್ಮಾನಿಸಿದ್ದರು. ಅವನ ನಿಜವಾದ ಹೆಸರು ಮನೋವಾ ಅಂತ ಏನೋ ಇದೆ. ಆಯಿಯ ಬೆನ್ನಿಗೇ ಗಿಂಡಿ ಪಡೆದ ಎರಡನೆಯವನು. ದೂರದ ಕಡಲಿನ ನಡುವೆ ಒಂದು ಸಣ್ಣ ದ್ವೀಪ. ಬಂಡೆಗಳ ನಡುವೆ ದೋಣಿಗಳು ದಾರಿತಪ್ಪಿ ಒಡೆಯುತ್ತಿದ್ದವು. ಆಗಿನ್ನೂ ಮೀಸೆ ಮೂಡುತ್ತಿದ್ದ ಇವನು ದಿನವೂ ಬೈಗಿನಲ್ಲಿ ಬಂಡೆಯ ಸಂದಿಗೆ ಇಳಿದು ಕೂತು, ಕಡೆಯ ದೋಣಿ ದಡ ಮುಟ್ಟುವ ತನಕ ಶಂಖ ಊದುತ್ತಿದ್ದ. ಬಂಡೆಯೇ ಕೂಗುತ್ತದೆ ಎಂದು ಜನ ಅದಕ್ಕೆ ತೆಂಗಿನಕಾಯಿ ಒಡೆಯುತ್ತಿದ್ದರಂತೆ. ಗಿಂಡಿ ತೆಗೆದುಕೊಳ್ಳಲು ಅವನು ನಮ್ಮ ಊರಿಗೆ ಬಂದ. ವಾಪಸು ಹೊರಡುವ ಮೊದಲೇ ಸುದ್ದಿ ಬಂತು, ದ್ವೀಪವನ್ನು ಕಡಲು ತೆಗೆದುಕೊಂಡಿತೆಂದು. ಅವನು ಇಲ್ಲಿಯೇ ಉಳಿದ. ಬಲೆ ಹೆಣೆಯುತ್ತಿದ್ದ ಕೈ ಹೊರಸು ಹೆಣೆಯಲು ಕಲಿಯಿತು. ಹುರಿ ನೆನೆಸಲು ಆ ಬೆಳ್ಳಿಯ ಗಿಂಡಿಯಿಂದಲೇ ನೀರು ಬಿಡುತ್ತಾನೆ. ನಮ್ಮ ಊರಲ್ಲಿ ಅವನು ಹೆಣೆದ ಹೊರಸಿನ ಮೇಲೆ ಮಲಗದೆ ದೊಡ್ಡವರಾದವರು ಕಡಿಮೆ.

ವರ್ಷಕ್ಕೊಮ್ಮೆ, ತನ್ನ ಪದ್ಯದಷ್ಟು ಹೊತ್ತು, ಅವನಿಗೆ ತನ್ನ ಗಾಳಿ ಸಿಗುತ್ತಿತ್ತು. ಉಪ್ಪು, ಒದ್ದೆ ಹಗ್ಗ, ಯಾವುದೋ ಬಿಳಿ ಹೂವಿನ ವಾಸನೆ. ಅವನು ಅಂಗಳದ ನಡುವೆ ಬರಿಗಾಲಲ್ಲಿ ನಿಂತು ಅಂಗಿಯ ಗುಂಡಿ ಬಿಚ್ಚಿ ಕಣ್ಣು ಮುಚ್ಚುತ್ತಿದ್ದ. ಆ ಹೊತ್ತಿನಲ್ಲಿ ಊರಿನ ಯಾವ ಮಗುವೂ ಅಂಗಳದಲ್ಲಿ ಆಡುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ ಅದು.

ಸಮಿತಿಯ ಅಧ್ಯಕ್ಷರು ಗುರುಶಾಂತಪ್ಪನವರು. ಗಿಂಡಿಗೆ ವಾರವಿರುವಾಗ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. "ಏನವ್ವಾ ತಂಗೆವ್ವಾ, ಗಂಟಲಾ ಸರಿ ಐತಿಲ್ಲೋ?" "ಐತ್ರಿ." "ಈ ಸಲ ಅದಕ್ಕೇನ್ ಭಾಳ ಕೆಲಸಿಲ್ಲ ಬಿಡು. ಮಾನಪ್ಪಂದು ಬಂದಾಗ ಸುಮ್ನ ಇದ್ರ ಸಾಕು." ನಾನು ಒಪ್ಪಿದೆನೆಂದು ಅವರು ತಿಳಿಯಬಾರದೆಂದು, "ಅವರಿಗೆ ಇರೂದು ಅದೊಂದರೀ" ಅಂದೆ. "ನೋಡವ್ವಾ, ಒಂಟಿಯವಂದು ಬಿಟ್ರ ಅವರ ರಾಯಭಾರಿ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾನ. ಅಗಸಗಿತ್ತೀದು ಬಿಟ್ರ ಎರಡೂ ದೇಶದವ್ರು ಕೂಡಿ ಬರ್ತಾರ. ಅದೊಂದರಾಗರೆ ಅವರು ಒಂದಾಗ್ಯಾರ. ಮಾನಪ್ಪಂದು ಬಿಟ್ರ ಯಾರ ಬರ್ತಾರ? ಆ ದೇಶನ ಇಲ್ಲ. ನಕಾಶದಾಗ ತೋರ್ಸು ನೋಡೂಣು?" "ನಮ್ಮ ಊರೂ ನಕಾಶದಾಗ ಇಲ್ರೀ." ಅವರು ಹೊಟ್ಟೆ ಕುಣಿಯುವಂತೆ ನಕ್ಕರು. "ನಮಗ್ಯಾಕ ನಕಾಶ? ಜಗತ್ತ ನಮ್ಮಲ್ಲಿಗೆ ಬರತೈತಿ." ಎದ್ದು ನಿಂತು ಧೋತರದ ಚುಂಗು ಕೊಡವಿದರು. "ನಿನಗ ಹೇಳಿದ್ದರೆ ಏನವ್ವಾ? ಬಾಯಿ ಮುಚಗೊಂಡು ಕುಂದರೂದು. ಇದಕ್ಕಿಂತ ಹಗುರ ಕೆಲಸ ಯಾವದೈತಿ?"

ಅಡಿವೆಪ್ಪ ಕಾಕಾನನ್ನು ಕೇಳಿದೆ. ಅವರು ಪಡಸಾಲೆಯಲ್ಲಿ ಕೂತು ಗಂಟಲಿಗೆ ಜ್ಯೇಷ್ಠಮಧು ಅಗಿಯುತ್ತಿದ್ದರು. "ನಾ ಹಾಡಾಂವ, ತಂಗಿ. ನಾ ಎಲ್ಲಾನೂ ಒಂದ ಸವನ ಹಾಡತೇನಿ. ಬಿಡೂದು ನಿನಗ ಸೇರಿದ್ದು. ನಿಮ್ಮ ಆಯಿ ಇದ್ದಾಗ ಈ ತ್ರಾಸ ಇರಲಿಲ್ಲ, ಹಗಲಿನ್ಯಾಗ ಇನ್ನೂ ಜಾಗ ಇತ್ತು." ಅಗಿದ ಬೇರನ್ನು ಇನ್ನೊಂದು ದವಡೆಗೆ ಸರಿಸಿ, "ಹೊಸಾಕಿ ಬಂದಾಳ. ನೋಡಿದೇನು?" ಎಂದರು.

ಈ ಸಲದ ಗಿಂಡಿ ಪಡೆಯಲು ಬಂದ ಹೊಸಬಳನ್ನು ನಾನು ಚಾವಡಿಯ ಹಿತ್ತಿಲಲ್ಲಿ ನೋಡಿದೆ. ಹೆಸರು ಯೂನಾ. ಹಿಮದ ಬೆಟ್ಟಗಳ ದೇಶದವಳು. ನಮ್ಮ ಬಿಸಿಲಿಗೆ ಮೂಗಿನ ತುದಿ ಸುಲಿದು ಕೆಂಪಾಗಿತ್ತು. ಆದರೂ ಮುಖ ಮೇಲೆತ್ತಿ ಬಿಸಿಲಲ್ಲೇ ಕೂತಿದ್ದಳು. ಅವಳ ಊರಿನ ಮೇಲಿನ ಕಣಿವೆಯಲ್ಲಿ ಹಿಮ ಬೀಳುವಾಗ ಕೈ ಚಾಚಿದರೆ ಕೈ ಕಾಣುವುದಿಲ್ಲವಂತೆ. ಚಳಿಗಾಲಕ್ಕೆ ಮೊದಲು ಈ ಬದಿಯಿಂದ ಆ ಬದಿಗೆ, ಬಂಡೆಯಿಂದ ಬಂಡೆಗೆ ಹಗ್ಗ ಕಟ್ಟಿ ಬರುತ್ತಿದ್ದವಳು ಇವಳು. ಹಿಡಿದುಕೊಂಡು ದಾಟಿದವರೆಲ್ಲ ಸರಕಾರ ಕಟ್ಟಿಸಿದ್ದೆಂದು ತಿಳಿದಿದ್ದರು. ದುಭಾಷಿಯ ಮೂಲಕ ಅವಳು ನನಗೆ ಹೇಳಿದಳು: ಮೊಣಕಾಲು ಸೋತಿದೆ, ಇನ್ನು ಬೆಟ್ಟ ಹತ್ತಲಾರೆ. ಹಾಡಿನಲ್ಲಿ ಸೇರಿದರೆ ನಮ್ಮ ದೇಶದವರ ಕಿವಿಗೆ ಪ್ರತಿ ವರ್ಷ ಬೀಳುತ್ತದೆ, ಯಾರಾದರೊಬ್ಬರು ಆ ಹಗ್ಗ ಕಟ್ಟಲು ಹೋದಾರು. ಇಷ್ಟು ಹೇಳಿ, ತಾನು ಬಹಳ ಕೇಳಿಬಿಟ್ಟೆನೋ ಎಂಬಂತೆ ನಾಚಿಕೊಂಡಳು. ಎಲ್ಲ ಪದ್ಯಕ್ಕೂ ಹೂಂ ಅಂದು ಪಾರಾಗುವ ದಾರಿಯೊಂದು ನನ್ನ ಮನಸ್ಸಿನಲ್ಲಿತ್ತು. ಅದು ಅಲ್ಲಿಯೇ ಮುಚ್ಚಿತು.

ಗಿಂಡಿಯ ಹಿಂದಿನ ದಿನ ಮಾನಪ್ಪಜ್ಜ ನಮ್ಮ ಮನೆಗೆ ಬಂದ. ಆಯಿಯ ಹೊರಸಿನ ಹುರಿ ಸಡಿಲಾಗಿ ಜೋಳಿಗೆಯಾಗಿತ್ತು, ಬಿಗಿಮಾಡಿಕೊಡಿ ಎಂದು ಹಿಂದೆಯೇ ಹೇಳಿದ್ದೆ. ಅಂಗಳದಲ್ಲಿ ಹೊರಸನ್ನು ಮಗ್ಗುಲು ನಿಲ್ಲಿಸಿ ಹಳೆಯ ಹುರಿ ಬಿಚ್ಚುತ್ತ, ನನ್ನ ಕಡೆ ನೋಡದೆ ಅಂದ, "ತಂಗೆವ್ವಾ, ನಾಳೆ ನಾ ಚಾವಡಿಗೆ ಬರೂದಿಲ್ಲ." "ಯಾಕಜ್ಜಾ?" "ನನ್ನ ಮಾರಿ ಕಂಡ್ರ ನಿನ್ನ ಬಾಯಿ ತೆರೀತೈತಿ. ಪಾಪ, ಆ ಹಗ್ಗದಾಕಿ ಭಾಳ ದೂರದಿಂದ ಬಂದಾಳ." ನಮ್ಮ ಮಾತನ್ನು ನಮ್ಮ ಹಾಗೆಯೇ ಆಡುತ್ತಾನೆ ಅವನು, ಒಂದೊಂದು ಮಾತಿನ ಕೊನೆಯನ್ನು ಮಾತ್ರ ಅಲೆ ಎಳೆದಂತೆ ಎಳೆಯುತ್ತಾನೆ. "ನೀವು ಒಂದ ಮಾತು ಬ್ಯಾಡ ಅನ್ರಿ ಅಜ್ಜಾ. ಬಿಡಬ್ಯಾಡ ಅನ್ರಿ." "ಹಂಗ ಹೆಂಗ ಅನ್ನಲಿ?" ಅವನು ನಕ್ಕ. "ಬಾಯಿ ಬಿಟ್ರ ಗಿಂಡಿ ವಾಪಸ ಕಸಗೋತಾರ." ಗಿಂಡಿಯಿಂದ ಹುರಿಯ ಮೇಲೆ ನೀರು ಬಿಟ್ಟ. ಆಮೇಲೆ ಒಂದೊಂದೇ ಗಂಟನ್ನು ಬಿಗಿಯುತ್ತ ಹೇಳಿದ, "ವಾಸನಿ ಮರೀತೇನಿ ಅಂತ ಒಂದ ಅಂಜಿಕಿ. ಮಂದಿ ಮಾರಿ ಎಲ್ಲಾ ಆಗಲೇ ಮರತೀನಿ. ಅವ್ವನ ಮಾರೀನೂ. ಆ ಗಾಳಿ ಬಂದಾಗ ಮಾರಿ ಕಾಣಸ್ತಿತ್ತು." ಹೊರಸು ಅರ್ಧ ಹೆಣೆದಿಟ್ಟು ಕತ್ತಲಾಗುವ ಮೊದಲೇ ಎದ್ದು ಹೋದ.

ಗಿಂಡಿಯ ಬೆಳಗು ನಾನು ಮಣೆಗೆ ಹಣೆ ಹಚ್ಚಿ ನಮಸ್ಕರಿಸಿ ಕೂತೆ. ಚಾವಡಿಯ ತುಂಬ ದೇಶದೇಶದ ಜನ. ಕಂಬಳಿ, ಕೊಡೆ, ಬೀಸಣಿಕೆ ಎಲ್ಲ ಹಿಡಿದು ಕೂತಿದ್ದರು. ಯೂನಾ ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ನೀರು ಕುಡಿದಳು. ಕಾಕಾ ಅವಳ ಪದ್ಯ ಎತ್ತಿಕೊಂಡರು. ಅಂಗಳದಲ್ಲಿ ಹಿಮ ಬಿತ್ತು. ಮಾಳಿಗೆಗಳು ಬೆಳ್ಳಗಾದವು, ಎಮ್ಮೆಗಳ ಬೆನ್ನು ಬೆಳ್ಳಗಾಯಿತು, ನಮ್ಮ ಪಕ್ಕದ ಮನೆಯ ಕಾಶವ್ವ "ಅಯ್ಯ ಶಿವನ, ಹಿಟ್ಟಿನ ಡಬ್ಬಿ ಬಿದ್ದಂಗ ಆತಲ್ಲ" ಎಂದು ಕೂಗಿದ್ದು ನಾಲ್ಕು ಮನೆಯಾಚೆ ಕೇಳಿತು. ನಾನು ಹೂಂ ಅಂದೆ. ಯೂನಾ ತನ್ನ ಸುಲಿದ ಮೂಗನ್ನು ಒರೆಸಿಕೊಂಡಳು.

ಹಗಲು ಸರಿಯಿತು. ಮೇಷ್ಟ್ರ ಕಾಡು ಬಂದು ಹೋಯಿತು. ಒಂಟೆಯವನ ಗಾಳಿಗೆ ಊರು ಒಣಗಿತು, ಅಗಸಗಿತ್ತಿಯ ಮಳೆಗೆ ನೆನೆಯಿತು. ಒಂದು ಹವೆ ಇನ್ನೊಂದರ ಕೈಹಿಡಿದು ಬರುತ್ತದೆ, ನಡುವೆ ಬಿಡುವಿರುವುದಿಲ್ಲ. ಪ್ರತಿಯೊಂದು ಪದ್ಯ ಮುಗಿದಾಗಲೂ ನಾನು ಇದನ್ನು ಬಿಡಲೇ ಎಂದು ನನ್ನನ್ನೇ ಕೇಳಿಕೊಂಡೆ. ಪ್ರತಿ ಸಲವೂ ಹೊಟ್ಟೆಯೊಳಗಿಂದ ಹೂಂ ತಾನಾಗಿ ಎದ್ದು ಬಂತು. ಬಿಸಿಲು ಕಂಬದ ಬುಡಕ್ಕೆ ಇಳಿಯಿತು. ಅಧ್ಯಕ್ಷರು ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಕಾಕಾ ಗಂಟಲು ಸರಿಮಾಡಿಕೊಂಡು ಎತ್ತಿದರು:

"ಕಡಲ ನಡುವಿನ ದಿಬ್ಬದೊಳಗೊಂ-
ದೊಡಲ ಮರೆಸಿದ ಶಂಖದುಲಿಯನು
ಕಡೆಯ ದೋಣಿಯು ಬರುವವರೆಗೂ ಊದಿ ನಿಂತವನು"

ಗಾಳಿ ಬಂತು. ಅಂಗಳದ ನಡುವೆ ಅವನು ನಿಲ್ಲುತ್ತಿದ್ದ ಜಾಗ ಖಾಲಿಯಿತ್ತು. ಆದರೂ ಮಕ್ಕಳು ಆ ಜಾಗವನ್ನು ಬಿಟ್ಟೇ ನಿಂತಿದ್ದರು. ಕಾಕಾ ಕಡೆಯ ಸಾಲನ್ನು ಎಳೆದರು, ಇನ್ನೂ ಸ್ವಲ್ಪ ಎಳೆದರು. ಒಂದೇ ಸವನ ಹಾಡುತ್ತೇನೆಂದವರು ಅವತ್ತು ಹಾಗೆ ಹಾಡಲಿಲ್ಲ. ಆಗ ಚಾವಡಿಯ ಗೋಡೆಯ ಆಚೆಯಿಂದ ಯಾರೋ ಒಂದು ಸಲ ಉಸಿರನ್ನು ಜೋರಾಗಿ ಒಳಕ್ಕೆ ಎಳೆದುಕೊಂಡರು. ನೀರಿನಿಂದ ಮೇಲೆದ್ದವನು ಎಳೆದುಕೊಳ್ಳುವ ಹಾಗೆ. ಅಜ್ಜ ಗೋಡೆಯ ಮಗ್ಗುಲಲ್ಲಿ ಬಂದು ನಿಂತಿದ್ದಾನೆ, ಒಳಗೆ ಬಂದಿಲ್ಲ.

"ಹೂಂ" ಅಂದೆ.

ಅಧ್ಯಕ್ಷರ ಕೈ ತುಟಿಯಿಂದ ಕೆಳಗೆ ಬಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳಿದದ್ದು ಒಂದೇ ಪದ್ಯ. ಯೂನಾ ಏನೂ ತಿಳಿಯದೆ ಎಲ್ಲರನ್ನೂ ನೋಡಿ ನಗುತ್ತಿದ್ದಳು. ಕಾಕಾ ನನ್ನನ್ನೇ ನೋಡುತ್ತ ಬಾಳವ್ವನ ಪದ್ಯ ಎತ್ತಿಕೊಂಡರು. ಅದನ್ನು ಇಲ್ಲಿ ಬರೆದು ತೋರಿಸಬೇಕೆಂದು ಆಸೆಯಿದೆ, ಆಗುವುದಿಲ್ಲ. ಗಾಳಿ ಅಡಗಿತು. ಸಂಜೆಬಿಸಿಲು ಅಂಗಳಕ್ಕೆ ಬಂತು, ಧೂಳು ಬಂತು, ಬೇವು ಬಂತು. ಜನ ಅಭ್ಯಾಸಬಲದಿಂದ ಚಾಪೆ ಸುತ್ತತೊಡಗಿದರು. ನನ್ನ ಕಣ್ಣು ತಾನಾಗಿ ಅಡುಗೆಮನೆಯ ಬಾಗಿಲಿಗೆ ಹೋಯಿತು. ಪ್ರತಿ ಸಲವೂ ಎದ್ದು ಹೋಗುತ್ತಿದ್ದಳಲ್ಲ ಅವಳು. ಎಲ್ಲರಿಗೂ ಹೂಂ ಅಂದವಳು, ತನ್ನದು ಬಂದಾಗ ಕೂರಲಾರದವಳು. ಪದ್ಯ ಮುಗಿಯಿತು. ಹೊಟ್ಟೆಯಿಂದ ಅದು ಎದ್ದೇ ಎದ್ದಿತು, ನಾನು ಕಲಿತ ಮೊದಲನೆಯ ಹೂಂ. ಗಂಟಲಿನವರೆಗೆ ಬಂತು. ನಾನು ಹಲ್ಲು ಕಚ್ಚಿ ಹಿಡಿದೆ. ಕಾಕಾನ ಕೈ ಮೇಲೆಯೇ ನಿಂತಿತ್ತು. "ತಂಗೆವ್ವಾ..." ಅಂದರು ಮೆಲ್ಲಗೆ. ನಾನು ಬಾಯಿ ತೆರೆಯಲಿಲ್ಲ. ಸೂರ್ಯ ಮುಳುಗಿದ.

ಆಮೇಲೆ ಮತ್ತೆ ಗಾಳಿ ಬೀಸಿತು. ಉಪ್ಪು, ಒದ್ದೆ ಹಗ್ಗ, ಬಿಳಿ ಹೂವು.

"ಇದೇನಿದು, ಪದ್ಯಾ ಎಲ್ಲಾ ಮುಗದಾವಲ್ಲ?" ಎಂದರು ಯಾರೋ. "ಹೋಗತೈತಿ ತಡೀರಿ" ಎಂದರು ಇನ್ನೊಬ್ಬರು. ಜನ ಚಾಪೆ ಕಂಕುಳಲ್ಲಿಟ್ಟುಕೊಂಡು ಕಾದರು. ಹೋಗಲಿಲ್ಲ. ಮರುದಿನ ಬೆಳಗಾದರೂ ಹೋಗಲಿಲ್ಲ. ಬಾಳವ್ವನ ಪದ್ಯಕ್ಕೆ ಏನೂ ಬರುವುದಿಲ್ಲ ಎಂದು ನಾವು ಇಷ್ಟು ವರ್ಷ ಆಡಿಕೊಂಡಿದ್ದೆವು. ಅದಕ್ಕೆ ಬರುತ್ತಿದ್ದದ್ದು ನಮ್ಮ ಊರೇ. ಪ್ರತಿ ಗಿಂಡಿಯ ಸಂಜೆ ಆ ಪದ್ಯ ಜಗತ್ತಿನ ಹವೆಯನ್ನೆಲ್ಲ ಸಾಗಹಾಕಿ ನಮ್ಮ ಬಿಸಿಲನ್ನು ಮನೆಗೆ ಕರೆತರುತ್ತಿತ್ತು. ಈಗ ಕರೆತರುವವರಿಲ್ಲ. ಕಡೆಗೆ ಬಂದ ಹವೆ, ಹೋಗೆನ್ನುವವರಿಲ್ಲದೆ, ಇಲ್ಲಿಯೇ ಉಳಿಯಿತು.

ಅಧ್ಯಕ್ಷರು ಬೈಯಲು ಬಂದರು. ಬಂದವರು ನಮ್ಮ ಕಟ್ಟೆಯ ಮೇಲೆ ಕೂತು, ತಣ್ಣನೆಯ ಗಾಳಿಗೆ ಟೋಪಿ ತೆಗೆದು, ಎರಡು ಸಲ ಆಕಳಿಸಿ, "ಆತು ಬಿಡು" ಎಂದು ಎದ್ದು ಹೋದರು. ಹೆಂಗಸರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಗರಿಗರಿಯಾಗಿ ಒಣಗಿಸಿಟ್ಟ ಕಟಿ ರೊಟ್ಟಿ ಬೆಳಗಾಗುವುದರೊಳಗೆ ಮೆತ್ತಗಾಗುತ್ತಿತ್ತು. ಉಪ್ಪಿನ ಗಡಿಗೆಯಲ್ಲಿ ನೀರು ನಿಲ್ಲುತ್ತಿತ್ತು. ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕೂರುತ್ತಿರಲಿಲ್ಲ. "ಏ ತಂಗೆವ್ವಾ" ಎಂದು ಕಾಶವ್ವ ಗೋಡೆಯ ಮೇಲಿಂದ ಕೂಗುತ್ತಿದ್ದಳು, "ನಿನ್ನ ಬಾಯಿ ಇಷ್ಟು ಗಟ್ಟಿ ಮುಚ್ಚತೈತಂತ ಗೊತ್ತಿದ್ರ ನನ್ನ ಉಪ್ಪಿನಕಾಯಿ ಭರಣಿಗೆ ಅದನ್ನ ಮುಚ್ಚಳಾ ಮಾಡ್ತಿದ್ದೆ!" ಆದರೆ ಜನ ಒಗ್ಗಿದರು. ರೊಟ್ಟಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಬಡಿಗರು ಬಾಗಿಲು ಕೆತ್ತಿದರು. ಮಕ್ಕಳು ನಾಲಗೆ ಚಾಚಿ ಗಾಳಿಯನ್ನು ನೆಕ್ಕಿ, ಇವತ್ತು ಉಪ್ಪು ಹೆಚ್ಚು, ಇವತ್ತು ಕಡಿಮೆ ಎಂದು ಜಗಳವಾಡಿದರು. ಯೂನಾಳ ಪದ್ಯ ಉಳಿಯಿತು. ಅವಳ ಕಣಿವೆಯಲ್ಲಿ ಹಗ್ಗ ಕಟ್ಟಲು ಇಬ್ಬರು ಹೆಣ್ಣುಮಕ್ಕಳು ಮುಂದೆ ಬಂದರೆಂದು ಆಮೇಲೆ ಸುದ್ದಿ ಬಂತು.

ಮಾನಪ್ಪಜ್ಜ ಮೊದಲ ದಿನಗಳಲ್ಲಿ ಮನೆಯೊಳಗೆ ಇರುತ್ತಲೇ ಇರಲಿಲ್ಲ. ಅಂಗಿಯ ಗುಂಡಿ ಬಿಚ್ಚಿಕೊಂಡು ಓಣಿಓಣಿ ನಡೆಯುತ್ತಿದ್ದ. ಸಿಕ್ಕವರಿಗೆಲ್ಲ ಸುಮ್ಮನೆ ನಗುತ್ತಿದ್ದ. ನನಗೆ ಅವನನ್ನು ನೋಡಿದರೆ ಸಂತೋಷವಾಗುತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಹಿತ್ತಿಲ ಬಾಗಿಲು ತೆರೆದಾಗ, ಹೊಸ್ತಿಲ ಮೇಲೆ ಇರಬೇಕಾದ ಬಿಸಿಲು ಇರುತ್ತಿರಲಿಲ್ಲ. ಬೆಳಕಿತ್ತು, ಬಿಸುಪಿರಲಿಲ್ಲ. ಬೇವು ಆ ವರ್ಷ ಹೂ ಬಿಡಲಿಲ್ಲ. ಆಯಿಯ ಪದ್ಯದ ಮೊದಲ ಅಕ್ಷರ ಯಾವುದು ಎಂದು ಒಲೆಯ ಮುಂದೆ ಕೂತು ನೆನಪಿಸಿಕೊಳ್ಳಲು ನೋಡುತ್ತಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ. ಆಮೇಲೆ ಒಂದು ದಿನ ಅವಳ ಮುಖ ನೆನೆದರೆ ಸೆರಗು ಮಾತ್ರ ಕಂಡಿತು.

ಅವತ್ತೇ ಸಂಜೆಗೆ ಮುಂಚೆ ಮಾನಪ್ಪಜ್ಜ ಹುರಿಯ ಉಂಡೆಯನ್ನೂ ಗಿಂಡಿಯನ್ನೂ ಹಿಡಿದು ಬಂದ. ಅರ್ಧಕ್ಕೆ ಬಿಟ್ಟಿದ್ದ ಆಯಿಯ ಹೊರಸನ್ನು ಅಂಗಳಕ್ಕೆ ಎಳೆದು ಹೆಣೆಯಲು ಕೂತ. ನಾನು ಚಹಾ ತಂದಿಟ್ಟೆ. ಅವನು ನನ್ನ ಮುಖ ನೋಡಿದ. ದ್ವೀಪ ಕಳೆದುಕೊಂಡವನಿಗೆ ಅಂಥ ಮುಖದ ಗುರುತು ಬೇಗ ಸಿಗುತ್ತದೆ. ಹುರಿಯ ತುದಿಗೆ ಗಂಟು ಹಾಕಿ, ಹೊರಸನ್ನು ನೆಟ್ಟಗೆ ಇಳಿಸಿ, ಅಂಗೈಯಿಂದ ತಟ್ಟಿದ. "ಕುಂಡ್ರು ಮಗಳ." ಕೂತೆ. ಅವನು ನನ್ನ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ನಾ ಇಷ್ಟು ವರ್ಷ ಒಂದು ಪದ್ಯದಷ್ಟು ಹೊತ್ತು ಉಸಿರಾಡಿ ಬದುಕಿದಾಂವ. ಈಗ ಹೊಟ್ಟಿ ತುಂಬೇತಿ. ನಿನ್ನ ಹಸಿವಿ ನನಗ ಕಾಣಸ್ತೈತಿ. ಹೇಳು, ನಾ ಹೂಂ ಅಂತೇನಿ." "ಏನ ಹೇಳಲಿ ಅಜ್ಜಾ? ಪದ್ಯ ಹೋಗೇತಿ." "ಪದ್ಯ ಯಾರ ಕೇಳಿದ್ರು? ನಿಮ್ಮ ಆಯಿ ಹೆಂಗಿದ್ಲು ಹೇಳು."

ಹುಟ್ಟಿದಾಗಿನಿಂದ ಕೇಳಿದವಳು ನಾನು, ಹೇಳಿದವಳಲ್ಲ. ಕಡೆಗೆ ಬಾಯಿಗೆ ಬಂದದ್ದು ಹೇಳಿದೆ. "ಆಯಿ ಚಹಾ ಕಪ್ಪಿನಿಂದ ಬಸಿಗೆ ಹಾಕ್ಕೊಂಡು ಕುಡೀತಿದ್ಲು, ಸಪ್ಪಳಾ ಮಾಡ್ಕೋತ." "ಹೂಂ" ಅಂದ ಅವನು. ನಮ್ಮ ಹೂಂನಂತೆ ಅಲ್ಲ. ದೂರದಲ್ಲಿ ಶಂಖ ಊದಿದ ಹಾಗಿತ್ತು. ಅದರ ಜಾಡು ಹಿಡಿದು ಬಾ ಎಂದು ಕರೆಯುವ ಹಾಗೆ. ನಾನು ಮುಂದಕ್ಕೆ ಹೋದೆ. ಸೆರಗಿನ ತುದಿಗೆ ಲವಂಗ ಕಟ್ಟಿಕೊಳ್ಳುತ್ತಿದ್ದದ್ದು, ಸಿಟ್ಟು ಬಂದರೆ ಮಾತಾಡದೆ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತಿಕ್ಕುತ್ತಿದ್ದದ್ದು. "ಹೂಂ." ಒಂದು ಗಿಂಡಿಯ ದಿನ, ಅವಳ ಪದ್ಯಕ್ಕೆ ಹೂಂ ಅಂದ ಕೂಡಲೇ ಮಣೆಯಿಂದ ಇಳಿದು ನಾನು ಅಡುಗೆಮನೆಗೆ ಓಡಿದ್ದೆ. "ಹೂಂ." "ಅಕ್ಕಿ ಆರಿಸೂದೈತಿ ಅಂತ ಹೇಳಿ ಹೋಗಿದ್ಲಲ್ಲಾ, ಮೊರದಾಗ ಒಂದಕ್ಕಿ ಕಾಳೂ ಇರಲಿಲ್ಲ ಅಜ್ಜಾ. ಬರೇ ಮೊರಾ ಮಡಿಲಾಗ ಇಟ್ಕೊಂಡು, ಹಿತ್ತಲ ಬಾಗಿಲಾ ತಗದು, ಹೊಸ್ತಿಲ ಮ್ಯಾಲಿನ ಬಿಸಿಲಿಗೆ ಎರಡೂ ಪಾದಾ ಚಾಚಿ ಕುಂತಿದ್ಲು. ಆಗ ಬಂತು ನೋಡು, ಅಂತ ನನ್ನನ್ನೂ ಬಾಜೂಕ ಕುಂದರಿಸಿಕೊಂಡ್ಲು. ನನ್ನ ಕಾಲು ಹೊಸ್ತಿಲಕ್ಕ ಮುಟ್ಟತಿರಲಿಲ್ಲ. ತನ್ನ ಪಾದದ ಮ್ಯಾಲ ಇಟಗೊಂಡ್ಲು."

ಹೇಳುತ್ತ ಹೇಳುತ್ತ ಕೆಳಗೆ ನೋಡಿದೆ. ಹೊರಸಿನಿಂದ ಇಳಿಬಿಟ್ಟಿದ್ದ ನನ್ನ ಪಾದಗಳ ಮೇಲೆ ಬೆಚ್ಚಗಾಗಿತ್ತು. ಅಂಗಳದಲ್ಲಿ ಒಂದು ಚಾಪೆಯಷ್ಟಗಲ ಹಳದಿ ಬಿಸಿಲು ಬಿದ್ದಿತ್ತು. ಅದರಲ್ಲಿ ಕೆಂಪು ಧೂಳು ಮೆಲ್ಲಗೆ ಏಳುತ್ತಿತ್ತು. ಅದು ಗೋಡೆಯನ್ನು ಹತ್ತಿ ಆಚೆಯ ಮಾಳಿಗೆಗೂ ಇಳಿದಿರಬೇಕು, ಕಾಶವ್ವನ ಗಂಟಲು ಕೇಳಿತು. "ಏ ತಂಗೆವ್ವಾ! ಬಿಸಿಲ ಬಂತಲ್ಲೇ! ಎಷ್ಟೊತ್ತು ಇರತೈತಿ? ಮೆಣಸಿನಕಾಯಿ ಹರವಲೇನು?"

ಮಾನಪ್ಪಜ್ಜನ ಕಡೆ ನೋಡಿದೆ. ಅವನ ಅಂಗಿಯನ್ನು ಕಡಲಿನ ಗಾಳಿ ಇನ್ನೂ ಅಲ್ಲಾಡಿಸುತ್ತಲೇ ಇತ್ತು. ಅವನು ಬಿಸಿಲಿನ ಆಚೆ, ತನ್ನ ಗಾಳಿಯಲ್ಲಿ ಕೂತು, ಗಿಂಡಿಯನ್ನು ನನ್ನ ಕಡೆ ಸರಿಸಿದ. ನಾನು ಒಂದು ಗುಟುಕು ಕುಡಿದೆ.

"ಹೂಂ" ಅಂದ ಅವನು. "ಮುಂದ?"